ಮೊದಲು ಕೆಲಸ, ಆಮೇಲೆ ಹೆಸರು: ನೆಲಮಾಳಿಗೆಯ ಒಂದು ಕಂಪ್ಯೂಟರ್ ಏಳು ವಿಭಾಗಗಳಾದ ಕಥೆ

ಕಳೆದ ವರ್ಷ ಅಕ್ಕನ ಮಗಳು ಸಿಇಟಿ ಆಪ್ಷನ್ ಎಂಟ್ರಿಗೆ ಕೂತಿದ್ದಳು. ಪಟ್ಟಿ ನೋಡಿ ಮನೆಯವರಿಗೆಲ್ಲ ತಲೆ ತಿರುಗಿತು. ಸಿಎಸ್ ಇದೆ, ಐಎಸ್ ಇದೆ. ಎಐ-ಎಂಎಲ್ ಬೇರೆ, ಡೇಟಾ ಸೈನ್ಸ್ ಬೇರೆ, ಸೈಬರ್ ಸೆಕ್ಯುರಿಟಿ ಇನ್ನೊಂದು. "ಇವೆಲ್ಲ ಬೇರೆ ಬೇರೆನಾ ಮಾಮಾ, ಇಲ್ಲ ಒಂದೇನಾ?" ಅಂತ ಕೇಳಿದಳು. ತಕ್ಷಣ ಉತ್ತರ ಹೊಳೆಯಲಿಲ್ಲ. ಆದರೆ ಈ ಪ್ರಶ್ನೆಯನ್ನು ಎಪ್ಪತ್ತು ವರ್ಷದಿಂದ ಒಂದೊಂದಾಗಿ ಬಿಡಿಸಿಕೊಂಡು ಬಂದ ಒಂದು ಜಾಗ ನೆನಪಾಯಿತು. ಅಮೆರಿಕದ ಪಿಟ್ಸ್‌ಬರ್ಗ್ ಊರಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ.

ನಮ್ಮಲ್ಲಿ ಕಂಪ್ಯೂಟರ್ ಸೈನ್ಸ್ ಅಂದರೆ ಇಂಜಿನಿಯರಿಂಗ್ ಕಾಲೇಜಿನ ಒಂದು ಬ್ರಾಂಚ್. ಸಿವಿಲ್, ಮೆಕ್ಯಾನಿಕಲ್ ಇದ್ದ ಹಾಗೆ. ಅಲ್ಲಿ ಹಾಗಲ್ಲ. ಅಲ್ಲಿ ಅದೇ ಒಂದು ಪೂರ್ತಿ ಕಾಲೇಜು. ಹೆಸರು ಸ್ಕೂಲ್ ಆಫ್ ಕಂಪ್ಯೂಟರ್ ಸೈನ್ಸ್. ಇಲ್ಲಿ ಸ್ಕೂಲ್ ಅಂದರೆ ಮಕ್ಕಳ ಶಾಲೆಯಲ್ಲ, ವಿಶ್ವವಿದ್ಯಾಲಯದ ಒಳಗಿರುವ ಕಾಲೇಜು. ಅದಕ್ಕೆ ತನ್ನದೇ ಡೀನ್ ಇದ್ದಾರೆ, ತನ್ನದೇ ಬಜೆಟ್ ಇದೆ. ಅದರೊಳಗೆ ಏಳು ವಿಭಾಗಗಳಿವೆ: ಕಂಪ್ಯೂಟರ್ ಸೈನ್ಸ್, ರೋಬಾಟಿಕ್ಸ್, ಭಾಷಾ ತಂತ್ರಜ್ಞಾನ, ಮನುಷ್ಯ ಮತ್ತು ಕಂಪ್ಯೂಟರ್ ಒಡನಾಟ, ಮಷೀನ್ ಲರ್ನಿಂಗ್, ಸಾಫ್ಟ್‌ವೇರ್ ಮತ್ತು ಸಮಾಜ, ಕಂಪ್ಯೂಟೇಷನಲ್ ಬಯಾಲಜಿ (ಜೀವಶಾಸ್ತ್ರದ ಪ್ರಶ್ನೆಗಳಿಗೆ ಕಂಪ್ಯೂಟರ್ ಬಳಸುವ ವಿದ್ಯೆ). ಕೆಲವಕ್ಕೆ ಡಿಪಾರ್ಟ್‌ಮೆಂಟ್ ಅಂತಾರೆ, ಕೆಲವಕ್ಕೆ ಇನ್‌ಸ್ಟಿಟ್ಯೂಟ್ ಅಂತಾರೆ. ಹೆಸರು ಏನೇ ಇರಲಿ, ಮಟ್ಟ ಒಂದೇ.

ಒಂದು ಬ್ರಾಂಚ್‌ನಷ್ಟು ವಿಷಯಕ್ಕೆ ಏಳು ವಿಭಾಗ ಯಾಕೆ ಬೇಕಾಯಿತು? ಇದು ತಿಳಿಯಬೇಕಾದರೆ ಮೊದಲ ಯಂತ್ರ ಯಾವ ಕಟ್ಟಡಕ್ಕೆ ಬಂತು ಅಂತ ನೋಡಬೇಕು.

1956ರಲ್ಲಿ ಆ ಸಂಸ್ಥೆಯ ಹೆಸರು ಕಾರ್ನೆಗಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಆ ವರ್ಷ ಅಲ್ಲಿಗೆ ಐಬಿಎಂ 650 ಎಂಬ ಕಂಪ್ಯೂಟರ್ ಬಂತು. ಅದನ್ನು ಇಟ್ಟಿದ್ದು ಗಣಿತ ವಿಭಾಗದಲ್ಲಲ್ಲ, ಎಲೆಕ್ಟ್ರಿಕಲ್ ವಿಭಾಗದಲ್ಲೂ ಅಲ್ಲ. ಮ್ಯಾನೇಜ್‌ಮೆಂಟ್ ಕಲಿಸುವ ಕಾಲೇಜಿನ ನೆಲಮಾಳಿಗೆಯಲ್ಲಿ! ನನ್ನ ಪ್ರಕಾರ ಇಡೀ ಕಥೆಯ ಬೇರು ಇಲ್ಲೇ ಇದೆ.

ಆ ಯಂತ್ರದ ನೆನಪಿನ ಶಕ್ತಿ ಎಷ್ಟು ಗೊತ್ತಾ? ಹತ್ತು ಅಂಕಿಯ 2000 ಸಂಖ್ಯೆಗಳು, ಅಷ್ಟೇ. ನಮ್ಮ ಮೊಬೈಲ್ ನಂಬರಿಗೂ ಹತ್ತೇ ಅಂಕಿ. ಎರಡು ಸಾವಿರ ಜನರ ನಂಬರ್ ಬರೆದರೆ ಆ ಯಂತ್ರ ಪೂರ್ತಿ ಭರ್ತಿ. ಹೆಸರು ಬರೆಯಲು ಜಾಗ ಉಳಿಯುವುದಿಲ್ಲ.

ಮ್ಯಾನೇಜ್‌ಮೆಂಟ್ ಕಾಲೇಜಿಗೆ ಕಂಪ್ಯೂಟರ್ ಯಾಕೆ? ಹರ್ಬರ್ಟ್ ಸೈಮನ್ ಅಲ್ಲಿದ್ದರು, ಅದಕ್ಕೆ. ಅವರು ಓದಿದ್ದು ರಾಜ್ಯಶಾಸ್ತ್ರ. ಕಚೇರಿಗಳಲ್ಲಿ, ಕಂಪನಿಗಳಲ್ಲಿ ಜನ ಹೇಗೆ ತೀರ್ಮಾನ ತೆಗೆದುಕೊಳ್ಳುತ್ತಾರೆ ಎಂಬುದು ಅವರ ಜೀವನದ ಪ್ರಶ್ನೆ. ಆಗಿನ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಮನುಷ್ಯ ಎಲ್ಲ ಆಯ್ಕೆಗಳನ್ನೂ ತೂಗಿ ನೋಡಿ, ಎಲ್ಲಕ್ಕಿಂತ ಒಳ್ಳೆಯದನ್ನು ಆರಿಸುತ್ತಾನೆ. ಹಾಗೆ ಆಗುವುದಿಲ್ಲ ಎಂದರು ಸೈಮನ್. ಮೈಸೂರಲ್ಲಿ ಸೈಟು ಹುಡುಕುವವರನ್ನೇ ನೋಡಿ. ಊರಿನ ಪ್ರತಿಯೊಂದು ಸೈಟನ್ನೂ ಯಾರಾದರೂ ನೋಡುತ್ತಾರಾ? ಹತ್ತು ಹದಿನೈದು ನೋಡುತ್ತಾರೆ. ನೀರು, ರಸ್ತೆ, ದುಡ್ಡು ಎಲ್ಲ ಸುಮಾರಾಗಿ ಹೊಂದಿತು ಅನ್ನಿಸಿದ ಕಡೆ ಅಡ್ವಾನ್ಸ್ ಕೊಡುತ್ತಾರೆ. ನಮ್ಮ ಹೊತ್ತಿಗೂ ಮಿತಿ ಇದೆ, ತಲೆಗೂ ಮಿತಿ ಇದೆ. ಆ ಮಿತಿಯೊಳಗೆ "ಇಷ್ಟು ಸಾಕು" ಅಂತ ಆರಿಸುವುದೇ ಮನುಷ್ಯನ ರೀತಿ. ಈ ವಿಚಾರಕ್ಕೆ ಸೈಮನ್ ಅವರಿಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಹಾಗಿದ್ದರೆ ಮಿತಿಯೊಳಗೆ ಯೋಚಿಸುವ ಈ ಕೆಲಸವನ್ನು ಒಂದೊಂದೇ ಹೆಜ್ಜೆಯಾಗಿ ಬರೆದು ತೋರಿಸಬಹುದಾ? ಸೈಮನ್ ಜೊತೆಗೆ ಆಲನ್ ನ್ಯೂವೆಲ್ ಎಂಬ ತರುಣ ಸೇರಿದರು. ಕ್ಯಾಲಿಫೋರ್ನಿಯಾದ ರ್ಯಾಂಡ್ ಸಂಸ್ಥೆಯಲ್ಲಿದ್ದ ಕ್ಲಿಫ್ ಶಾ ಕೂಡ ಕೈಜೋಡಿಸಿದರು. 1955ರ ಕೊನೆಗೆ ಅವರು ಲಾಜಿಕ್ ಥಿಯರಿಸ್ಟ್ ಎಂಬ ಪ್ರೋಗ್ರಾಮನ್ನು ಕಾಗದದ ಮೇಲೆ ಸಿದ್ಧ ಮಾಡಿದರು. ಅದು ತರ್ಕದ ಪ್ರಮೇಯಗಳನ್ನು ಸಾಧಿಸುವ ಪ್ರೋಗ್ರಾಮು. ಓಡಿಸಲು ಯಂತ್ರ ಇನ್ನೂ ತಯಾರಿರಲಿಲ್ಲ. ಸೈಮನ್ ಸುಮ್ಮನೆ ಕಾಯಲಿಲ್ಲ. ಹೆಂಡತಿ, ಮೂವರು ಮಕ್ಕಳು ಮತ್ತು ಕೆಲವು ವಿದ್ಯಾರ್ಥಿಗಳನ್ನು ಒಟ್ಟಿಗೆ ಕೂರಿಸಿದರು. ಒಬ್ಬೊಬ್ಬರ ಕೈಗೂ ಒಂದೊಂದು ಕಾರ್ಡು ಕೊಟ್ಟರು. ಕಾರ್ಡಿನಲ್ಲಿ ಬರೆದಷ್ಟನ್ನು ಮಾತ್ರ ಅವರು ಮಾಡಬೇಕು. ಮನೆಯವರೇ ಸೇರಿ ಕಂಪ್ಯೂಟರ್ ಆದರು, ಪ್ರೋಗ್ರಾಮು ಓಡಿತು! 1956ರ ಜನವರಿಯಲ್ಲಿ ಸೈಮನ್ ಕ್ಲಾಸಿಗೆ ಬಂದು, ಕ್ರಿಸ್‌ಮಸ್ ರಜೆಯಲ್ಲಿ ನಾವು ಯೋಚಿಸುವ ಯಂತ್ರ ಕಂಡುಹಿಡಿದೆವು ಅಂದರಂತೆ. ಆ ಕ್ಲಾಸಿನಲ್ಲಿ ಎಡ್ವರ್ಡ್ ಫೈಗೆನ್‌ಬಾಮ್ ಎಂಬ ಹುಡುಗನಿದ್ದ. ಅವನ ಹೆಸರು ಮುಂದೆ ಮತ್ತೆ ಬರುತ್ತದೆ.

1956ರಲ್ಲೇ ಪ್ರೋಗ್ರಾಮು ನಿಜವಾದ ಯಂತ್ರದ ಮೇಲೂ ಓಡಿತು. ತರ್ಕಶಾಸ್ತ್ರದ ಒಂದು ದೊಡ್ಡ ಗ್ರಂಥದ ಒಂದು ಅಧ್ಯಾಯದ ಮೊದಲ 52 ಪ್ರಮೇಯಗಳಲ್ಲಿ 38ನ್ನು ಸಾಧಿಸಿತು. ಈಗ ಎಲ್ಲರ ಬಾಯಲ್ಲೂ ಇರುವ ಎಐ ಶುರುವಾದ ಜಾಗಗಳಲ್ಲಿ ಇದೊಂದು.

ಅದೇ ವರ್ಷ ಆಲನ್ ಪರ್ಲಿಸ್ ಅಲ್ಲಿಗೆ ಬಂದು ಕಂಪ್ಯೂಟೇಷನ್ ಸೆಂಟರಿನ ಹೊಣೆ ಹೊತ್ತರು. ಇವರು ಗಣಿತದವರು. ಯಂತ್ರಕ್ಕೆ ಅಂಕಿಗಳಲ್ಲೇ ಆಜ್ಞೆ ಬರೆಯುವುದು ಎಷ್ಟು ಕಷ್ಟ ಅಂತ ಚೆನ್ನಾಗಿ ಬಲ್ಲವರು. ಬೀಜಗಣಿತದ ಸೂತ್ರದ ಹಾಗೆ ಬರೆದರೆ ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಒಂದನ್ನು ಐಬಿಎಂ 650ಕ್ಕೆ ಮಾಡಿಕೊಟ್ಟರು. ಇದರಿಂದ ಪರಿಣತರಲ್ಲದವರೂ ಪ್ರೋಗ್ರಾಮು ಬರೆಯುವಂತಾಯಿತು. 1958ರ ಹೊತ್ತಿಗೆ ಮೊದಲ ವರ್ಷದ ಹುಡುಗರಿಗೇ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ಕಂಪ್ಯೂಟರ್ ಕ್ಷೇತ್ರದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 1966ರಲ್ಲಿ ಶುರುವಾದಾಗ ಮೊದಲು ಸಿಕ್ಕಿದ್ದು ಇವರಿಗೇ. ನ್ಯೂವೆಲ್ ಮತ್ತು ಸೈಮನ್‌ಗೆ 1975ರಲ್ಲಿ ಬಂತು.

ಇಷ್ಟೆಲ್ಲ ಆಗುವಾಗ ಅಲ್ಲಿ ಕಂಪ್ಯೂಟರ್ ವಿಭಾಗ ಅಂತ ಒಂದು ಇರಲೇ ಇಲ್ಲ. ಗಣಿತ, ಎಲೆಕ್ಟ್ರಿಕಲ್, ಮನಶ್ಶಾಸ್ತ್ರ, ಮ್ಯಾನೇಜ್‌ಮೆಂಟ್ ಹೀಗೆ ಬೇರೆ ಬೇರೆ ಕಡೆಯವರು ಒಂದೇ ಯಂತ್ರದ ಸುತ್ತ ಸೇರಿ ಕೆಲಸ ಮಾಡುತ್ತಿದ್ದರು. ಒಂಬತ್ತು ವರ್ಷ ಹೀಗೇ ನಡೆಯಿತು. 1965ರಲ್ಲಿ ವಿಭಾಗ ಹುಟ್ಟಿತು. ಪರ್ಲಿಸ್ ಮೊದಲ ಮುಖ್ಯಸ್ಥರು. ಶುರುವಿನಲ್ಲಿ ಪಿಎಚ್‌ಡಿ ಮಾತ್ರ, ಬಿಎಸ್ ಅಂದರೆ ಮೊದಲ ಪದವಿ ಇಲ್ಲ. ಎರಡು ವರ್ಷದ ನಂತರ ಮೆಲನ್ ಇನ್‌ಸ್ಟಿಟ್ಯೂಟ್ ಜೊತೆ ಸೇರಿ ವಿಶ್ವವಿದ್ಯಾಲಯಕ್ಕೆ ಈಗಿನ ಹೆಸರು ಬಂತು.

ಹಣ ಬಂದ ರೀತಿಯನ್ನೂ ಹೇಳಬೇಕು. ಹೆಚ್ಚಿನ ಪಾಲು ಅಮೆರಿಕ ರಕ್ಷಣಾ ಇಲಾಖೆಯ ಆರ್ಪಾ ಎಂಬ ಸಂಸ್ಥೆಯಿಂದ ಬಂತು. ಆಗ ಆರ್ಪಾದವರು ಒಂದೊಂದು ಪ್ರಾಜೆಕ್ಟಿಗೆ ಅಂತ ಚಿಲ್ಲರೆಯಾಗಿ ಹಂಚದೆ, ಕೆಲವು ಒಳ್ಳೆಯ ಗುಂಪುಗಳನ್ನು ಆರಿಸಿ ವರ್ಷಗಟ್ಟಲೆ ಹಣ ಕೊಟ್ಟರು. ಎಲೆಕ್ಷನ್ ಬಂದರೆ ಅನುದಾನ ನಿಲ್ಲುತ್ತದಾ ಅನ್ನುವ ಚಿಂತೆ ಇಲ್ಲದೆ, ಹತ್ತು ವರ್ಷದ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲು ಇದರಿಂದ ಆಯಿತು.

ಆಗ ಬಹಳ ಜನ ಒಂದು ಪ್ರಶ್ನೆ ಎತ್ತುತ್ತಿದ್ದರು. ಕಂಪ್ಯೂಟರ್ ಬರೀ ಒಂದು ಉಪಕರಣ. ಉಪಕರಣಕ್ಕೊಂದು ವಿಜ್ಞಾನ ಅಂತ ಇರುತ್ತದಾ? 1967ರಲ್ಲಿ ನ್ಯೂವೆಲ್, ಪರ್ಲಿಸ್, ಸೈಮನ್ ಮೂವರೂ ಸೇರಿ ಸೈನ್ಸ್ ಪತ್ರಿಕೆಗೆ ಚಿಕ್ಕ ಪತ್ರ ಬರೆದರು. ಗಿಡಗಳಿವೆ, ಆದ್ದರಿಂದ ಸಸ್ಯಶಾಸ್ತ್ರ ಇದೆ. ನಕ್ಷತ್ರಗಳಿವೆ, ಆದ್ದರಿಂದ ಖಗೋಳಶಾಸ್ತ್ರ ಇದೆ. ಈಗ ಕಂಪ್ಯೂಟರ್‌ಗಳಿವೆ. ಅವುಗಳನ್ನೂ ಅವುಗಳ ಸುತ್ತ ನಡೆಯುವುದನ್ನೂ ಓದುವುದೇ ಕಂಪ್ಯೂಟರ್ ಸೈನ್ಸ್. ಇದು ಅವರ ವಾದದ ತಿರುಳು. ನನಗೆ ಇದರಲ್ಲಿ ತುಂಬ ಇಷ್ಟವಾದದ್ದು "ಅವುಗಳ ಸುತ್ತ ನಡೆಯುವುದು" ಎಂಬ ಭಾಗ. ಬಾಗಿಲನ್ನು ಅಷ್ಟು ಅಗಲವಾಗಿ ತೆರೆದಿಟ್ಟಿದ್ದರಿಂದಲೇ ಮುಂದೆ ಮಾತು, ಕೈಕಾಲು, ಜೀವಕೋಶ, ಕಾನೂನು ಎಲ್ಲವೂ ಒಳಗೆ ಬಂದವು.

ಮಾತು ಮೊದಲು ಬಂತು. 1969ರಲ್ಲಿ ರಾಜ್ ರೆಡ್ಡಿ ಅಲ್ಲಿಗೆ ಸೇರಿದರು. ಚಿತ್ತೂರು ಜಿಲ್ಲೆಯ ಕಾಟೂರು ಎಂಬ ಹಳ್ಳಿಯವರು. ಮದರಾಸಿನ ಗಿಂಡಿ ಕಾಲೇಜಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ಆಸ್ಟ್ರೇಲಿಯಾ ಸುತ್ತಿ, ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡಿದವರು. ಯಂತ್ರ ಮನುಷ್ಯನ ಮಾತು ಅರ್ಥ ಮಾಡಿಕೊಳ್ಳಬೇಕು ಎಂಬುದು ಅವರ ಹಟ. 1976ರಲ್ಲಿ ಅವರ ಗುಂಪಿನ ಹಾರ್ಪಿ ಎಂಬ ವ್ಯವಸ್ಥೆ ಸುಮಾರು ಸಾವಿರ ಪದಗಳನ್ನು ಗುರುತಿಸಿತು. ಇಂದು ಫೋನಿಗೆ ಕನ್ನಡದಲ್ಲೇ ಮಾತಾಡಿ ದಾರಿ ಕೇಳುತ್ತೇವಲ್ಲ, ಆ ದಾರಿಯ ಮೊದಲ ಮೈಲಿಗಲ್ಲುಗಳಲ್ಲಿ ಅದೂ ಒಂದು. 1994ರಲ್ಲಿ ರೆಡ್ಡಿಯವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಹಂಚಿಕೊಂಡವರು ಯಾರು ಗೊತ್ತಾ? ಸೈಮನ್ ಕ್ಲಾಸಿನಲ್ಲಿ ಕೂತಿದ್ದ ಅದೇ ಫೈಗೆನ್‌ಬಾಮ್.

ಆಮೇಲೆ ಕೈಕಾಲು. ಪಿಟ್ಸ್‌ಬರ್ಗ್ ಉಕ್ಕಿನ ಊರು. 1970ರ ದಶಕದ ಕೊನೆಗೆ ಅಲ್ಲಿನ ಕಾರ್ಖಾನೆಗಳಿಗೆ ಕಷ್ಟದ ದಿನಗಳು ಬಂದಿದ್ದವು. 1979ರಲ್ಲಿ ರೋಬಾಟಿಕ್ಸ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಅದೇ ಊರಿನ ವೆಸ್ಟಿಂಗ್‌ಹೌಸ್ ಕಂಪನಿ ಹಣ ಕೊಟ್ಟಿತು. ರೆಡ್ಡಿಯವರೇ ಮೊದಲ ನಿರ್ದೇಶಕರು. ಆ ವರ್ಷದ ಮಾರ್ಚ್‌ನಲ್ಲಿ ಅದೇ ರಾಜ್ಯದ ತ್ರೀ ಮೈಲ್ ಐಲೆಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ಅಪಘಾತ ಆಗಿತ್ತು. ನೆಲಮಾಳಿಗೆಯಲ್ಲಿ ವಿಕಿರಣ ತುಂಬಿದ ನೀರು. ಮನುಷ್ಯರು ಇಳಿಯುವ ಹಾಗಿಲ್ಲ. 1980ರ ದಶಕದಲ್ಲಿ ರೆಡ್ ವಿಟೇಕರ್ ಅವರ ತಂಡ ಕಟ್ಟಿದ ರೋಬಾಟು ಅಲ್ಲಿಗೆ ಇಳಿದು ಒಳಗಿನ ಸ್ಥಿತಿಯನ್ನು ತೋರಿಸಿತು. ರೋಬಾಟ್ ಅಂದರೆ ಕಾರ್ಖಾನೆಯಲ್ಲಿ ಬೋಲ್ಟು ತಿರುಗಿಸುವುದು ಮಾತ್ರ ಅಲ್ಲ, ನಾವು ಹೋಗಲಾಗದ ಕಡೆ ಹೋಗುವುದು ಎಂಬ ತಿಳಿವಳಿಕೆ ಆ ವಿಭಾಗಕ್ಕೆ ಅಲ್ಲಿಂದ ಬಂತು ಅನ್ನಬಹುದು. 1995ರಲ್ಲಿ ಇಲ್ಲಿಯವರ ಒಂದು ಗಾಡಿ ಪಿಟ್ಸ್‌ಬರ್ಗ್‌ನಿಂದ ಸ್ಯಾನ್ ಡಿಯಾಗೋವರೆಗೆ ಸುಮಾರು 4600 ಕಿಲೋಮೀಟರ್ ಓಡಿತು. ದಾರಿಯ ಶೇ. 98ರಷ್ಟು ಭಾಗ ಸ್ಟೀರಿಂಗ್ ತಿರುಗಿಸಿದ್ದು ಕಂಪ್ಯೂಟರ್. ಬ್ರೇಕು, ಆಕ್ಸಿಲರೇಟರ್ ಮಾತ್ರ ಮನುಷ್ಯರ ಕಾಲಲ್ಲಿತ್ತು.

ಆ ದಿನಗಳಲ್ಲಿ ಅಲ್ಲಿಂದ ಹೊರಟ ಇನ್ನೆರಡು ವಿಷಯ ನಮಗೆಲ್ಲ ಹತ್ತಿರದವು. 1982ರ ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಎಂಬ ಅಧ್ಯಾಪಕರು ತಮಾಷೆಯ ಮಾತಿಗೆ ಗುರುತಾಗಿ ಎರಡು ಚುಕ್ಕಿ, ಒಂದು ಗೆರೆ, ಒಂದು ಆವರಣ ಚಿಹ್ನೆ ಸೇರಿಸಿ ನಗುವ ಮುಖ ಮಾಡಿ ಎಂದು ಸೂಚಿಸಿದರು. ವಾಟ್ಸಾಪಿನ ಎಮೋಜಿಗಳ ಅಜ್ಜ ಅದು. ಇನ್ನು, 1983ರಲ್ಲಿ ಅಲ್ಲಿ ಪಿಎಚ್‌ಡಿ ಮುಗಿಸಿದ ಜೇಮ್ಸ್ ಗಾಸ್ಲಿಂಗ್ ಮುಂದೆ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿದರು. ನಮ್ಮ ಇಂಜಿನಿಯರಿಂಗ್ ಹುಡುಗರಲ್ಲಿ ಜಾವಾ ಲ್ಯಾಬ್ ಮಾಡದವರು ಕಡಿಮೆ, ಅಲ್ವಾ?

ಈಗ ಕಾಲೇಜು ಆದ ಪ್ರಸಂಗ. ಕಂಪ್ಯೂಟರ್ ವಿಭಾಗ ಮೊದಲು ವಿಜ್ಞಾನ ಕಾಲೇಜಿನ ಒಳಗಿತ್ತು. ಕೆಮಿಸ್ಟ್ರಿ, ಫಿಸಿಕ್ಸ್ ಪಕ್ಕದ ವಿಭಾಗಗಳು. ಅಂಥ ಕಡೆ ಒಂದು ತೊಡಕು ಬರುತ್ತದೆ. ಯಾರನ್ನು ನೇಮಿಸಬೇಕು, ಯಾರಿಗೆ ಬಡ್ತಿ ಕೊಡಬೇಕು ಎಂಬುದು ಇಡೀ ಕಾಲೇಜಿನ ಮಟ್ಟದಲ್ಲಿ ತೀರ್ಮಾನವಾಗುತ್ತದೆ. ಮೂರು ವರ್ಷ ಕೂತು ಒಂದು ರೋಬಾಟು ಕಟ್ಟಿದವರನ್ನೂ ಮೂರು ವರ್ಷದಲ್ಲಿ ಹತ್ತು ಪ್ರಬಂಧ ಬರೆದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ರೋಬಾಟಿನವರು ಹಗುರವಾಗಿ ಕಾಣುತ್ತಾರೆ. ಕಂಪ್ಯೂಟರ್ ಕ್ಷೇತ್ರಕ್ಕೆ ತನ್ನದೇ ತಕ್ಕಡಿ ಬೇಕು. 1988ರಲ್ಲಿ ಅದು ಸ್ವಂತ ಕಾಲೇಜು ಆಯಿತು. ನೀಕೊ ಹಾಬರ್‌ಮನ್ ಮೊದಲ ಡೀನ್. 1991ರಿಂದ 1999ರವರೆಗೆ ಡೀನ್ ಆಗಿದ್ದವರು ಕಾಟೂರಿನ ರೆಡ್ಡಿ.

ಆಮೇಲೆ ಹೊಸ ವಿಭಾಗಗಳು ಹುಟ್ಟಿದ ಕ್ರಮವನ್ನು ಗಮನಿಸಬೇಕು. ಯಾವುದೂ ರಾತ್ರೋರಾತ್ರಿ ಬೋರ್ಡು ಹಾಕಿ ಶುರುವಾದದ್ದಲ್ಲ. ಮೊದಲು ಒಂದು ಪ್ರಶ್ನೆ, ಅದರ ಸುತ್ತ ಕೆಲವರು. ಕೆಲಸ ಬೆಳೆದರೆ ಒಂದು ಕೇಂದ್ರ. ಕೇಂದ್ರಕ್ಕೆ ತನ್ನದೇ ವಿದ್ಯಾರ್ಥಿಗಳು, ತನ್ನದೇ ಪಾಠಗಳು ಬೇಕಾದಾಗ ವಿಭಾಗ. ಹೈಮೆ ಕಾರ್ಬೊನೆಲ್ 1986ರಲ್ಲಿ ಯಂತ್ರಾನುವಾದದ ಕೇಂದ್ರ ಕಟ್ಟಿದರು. ಹತ್ತು ವರ್ಷ ಕಳೆದು 1996ರಲ್ಲಿ ಅದು ಭಾಷಾ ತಂತ್ರಜ್ಞಾನದ ಇನ್‌ಸ್ಟಿಟ್ಯೂಟ್ ಆಯಿತು. ಟಾಮ್ ಮಿಚೆಲ್ ಮುಂದೆ ನಿಂತು ಸಂಖ್ಯಾಶಾಸ್ತ್ರದವರ ಜೊತೆ 1997ರಲ್ಲಿ ಒಂದು ಕೇಂದ್ರ ತೆರೆದರು. ರಾಶಿ ರಾಶಿ ಮಾಹಿತಿಯಿಂದ ಯಂತ್ರ ತಾನೇ ಕಲಿಯುವುದು ಹೇಗೆ ಎಂಬುದು ಅದರ ಪ್ರಶ್ನೆ. ಒಂಬತ್ತು ವರ್ಷದ ನಂತರ, 2006ರಲ್ಲಿ, ಅದೇ ಮಷೀನ್ ಲರ್ನಿಂಗ್ ವಿಭಾಗವಾಯಿತು. ಜಗತ್ತಿನಲ್ಲೇ ಆ ಹೆಸರಿನ ಮೊದಲ ವಿಭಾಗ. ಕಂಪ್ಯೂಟೇಷನಲ್ ಬಯಾಲಜಿ ಕೂಡ ಮೊದಲು ಕೇಂದ್ರವಾಗಿದ್ದು ಆಮೇಲೆ ವಿಭಾಗವಾದದ್ದೇ.

ಮನುಷ್ಯ ಮತ್ತು ಕಂಪ್ಯೂಟರ್ ಒಡನಾಟದ ವಿಭಾಗದಲ್ಲಿ ಮನಶ್ಶಾಸ್ತ್ರದವರೂ ಡಿಸೈನ್ ಕಲಿತವರೂ ಪ್ರೋಗ್ರಾಮರ್‌ಗಳೂ ಒಂದೇ ಕಾರಿಡಾರಿನಲ್ಲಿ ಕೂರುತ್ತಾರೆ. ಯಂತ್ರ ಎಷ್ಟೇ ಜಾಣ ಇರಲಿ, ಎದುರಿಗೆ ಕೂತ ಅಜ್ಜಿಗೆ ಬಟನ್ ಎಲ್ಲಿದೆ ಅಂತ ತಿಳಿಯದಿದ್ದರೆ ಏನು ಪ್ರಯೋಜನ? ಇದು ಅವರ ಪ್ರಶ್ನೆ. ಸಾಫ್ಟ್‌ವೇರ್ ಮತ್ತು ಸಮಾಜದ ವಿಭಾಗದವರು ದೊಡ್ಡ ಸಾಫ್ಟ್‌ವೇರನ್ನು ಕೆಡದ ಹಾಗೆ ಕಟ್ಟುವುದನ್ನೂ, ಅದರಿಂದ ಜನರ ಖಾಸಗಿತನಕ್ಕೆ ಏನಾಗುತ್ತದೆ ಎಂಬುದನ್ನೂ ಒಟ್ಟಿಗೆ ನೋಡುತ್ತಾರೆ.

ಒಂದೇ ಸೂರಿನಡಿ ಎದುರು ಬದುರು ವಿಚಾರಗಳಿಗೂ ಜಾಗ ಇತ್ತು. ಸೈಮನ್, ನ್ಯೂವೆಲ್ ಅವರದು ನಿಯಮಗಳಿಂದ, ಚಿಹ್ನೆಗಳಿಂದ ಯೋಚನೆಯನ್ನು ಕಟ್ಟುವ ದಾರಿ. ಅವರ ಮನೆಯಂಗಳದಲ್ಲೇ 1982ರಿಂದ 1987ರವರೆಗೆ ಜೆಫ್ರಿ ಹಿಂಟನ್ ಅಧ್ಯಾಪಕರಾಗಿದ್ದರು. ಅವರದು ಮಿದುಳಿನ ನರಗಳನ್ನು ಹೋಲುವ ಜಾಲವೇ ಉದಾಹರಣೆಗಳಿಂದ ಕಲಿಯಬೇಕು ಎಂಬ ದಾರಿ. ಆಗ ಅದನ್ನು ನಂಬಿದವರು ಕಡಿಮೆ. ಇಂದಿನ ಎಐ ನಿಂತಿರುವುದು ಆ ದಾರಿಯ ಮೇಲೆ. 2024ರಲ್ಲಿ ಹಿಂಟನ್‌ಗೆ ಭೌತಶಾಸ್ತ್ರದ ನೊಬೆಲ್ ಬಂತು.

ಈ ಕಾಲೇಜಿನ ಇತಿಹಾಸದಲ್ಲಿ ನನ್ನ ಮನಸ್ಸಿಗೆ ತುಂಬ ತಟ್ಟಿದ ಭಾಗ ಯಂತ್ರದ್ದಲ್ಲ. 1995ರಲ್ಲಿ ಅಲ್ಲಿ ಕಂಪ್ಯೂಟರ್ ಸೈನ್ಸ್ ಪದವಿಗೆ ಸೇರಿದ ನೂರು ಮಂದಿಯಲ್ಲಿ ಹುಡುಗಿಯರು ಏಳು. ಜೇನ್ ಮಾರ್ಗೊಲಿಸ್ ಮತ್ತು ಆಲನ್ ಫಿಶರ್ ವರ್ಷಗಟ್ಟಲೆ ವಿದ್ಯಾರ್ಥಿಗಳ ಜೊತೆ ಕೂತು ಮಾತಾಡಿದರು. ಹುಡುಗರಲ್ಲಿ ಬಹಳ ಮಂದಿ ಚಿಕ್ಕಂದಿನಿಂದ ಮನೆಯ ಕಂಪ್ಯೂಟರ್ ಮುಂದೆ ಬೆಳೆದವರು. ಹುಡುಗಿಯರಿಗೆ ಆ ಅವಕಾಶ ಸಿಕ್ಕಿದ್ದು ಕಡಿಮೆ. ಮೊದಲ ದಿನವೇ "ನಾನು ಹಿಂದುಳಿದಿದ್ದೇನೆ" ಎಂಬ ಭಾವನೆ. ಎಷ್ಟೋ ಮಂದಿ ಚೆನ್ನಾಗಿ ಓದುತ್ತಿದ್ದರೂ ಬಿಟ್ಟು ಹೋಗುತ್ತಿದ್ದರು. ಕಾಲೇಜು ಎರಡು ಮುಖ್ಯ ಬದಲಾವಣೆ ಮಾಡಿತು. ಪ್ರವೇಶದ ವೇಳೆ, ಮೊದಲೇ ಪ್ರೋಗ್ರಾಮಿಂಗ್ ಬರುತ್ತಾ ಎಂಬುದಕ್ಕೆ ಕೊಡುತ್ತಿದ್ದ ತೂಕ ಇಳಿಸಿತು. ಮೊದಲ ವರ್ಷದ ಪಾಠಕ್ಕೆ ಬೇರೆ ಬೇರೆ ಬಾಗಿಲು ಮಾಡಿತು. ಏನೂ ಬಾರದವರು ಒಂದು ಕಡೆಯಿಂದ, ಸ್ವಲ್ಪ ಬಲ್ಲವರು ಇನ್ನೊಂದು ಕಡೆಯಿಂದ ಬಂದು ಮುಂದೆ ಒಂದೇ ಕ್ಲಾಸಿನಲ್ಲಿ ಸೇರುವ ಹಾಗೆ. 2000ದ ಹೊತ್ತಿಗೆ ನೂರರಲ್ಲಿ ಹುಡುಗಿಯರು 42 ಆದರು. ಐದೇ ವರ್ಷ!

ಇದನ್ನು ಓದಿದಾಗ ನಮ್ಮ ಹಳ್ಳಿಗಳಿಂದ, ಕನ್ನಡ ಮಾಧ್ಯಮದಿಂದ ಬಂದು ಕಾಲೇಜಿನ ಲ್ಯಾಬಿನಲ್ಲೇ ಮೊದಲ ಬಾರಿ ಕೀಬೋರ್ಡ್ ಮುಟ್ಟುವ ಮಕ್ಕಳು ಕಣ್ಣ ಮುಂದೆ ಬಂದರು. ಪಕ್ಕದಲ್ಲಿ ಕೂತವನು ಎಂಟನೇ ಕ್ಲಾಸಿನಿಂದಲೇ ಪೈಥಾನ್ ಬರೆಯುತ್ತಿರುತ್ತಾನೆ. ಅವರಿಗೆ ಕಮ್ಮಿ ಇರುವುದು ಬುದ್ಧಿ ಅಲ್ಲ, ಬರೀ ಕೆಲವು ವರ್ಷಗಳ ರೂಢಿ. ಅದನ್ನು ತುಂಬಿಕೊಡುವ ಒಂದು ಬಾಗಿಲು ನಮ್ಮ ಕಾಲೇಜುಗಳಲ್ಲೂ ಇರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

2009ರಲ್ಲಿ ಕಾಲೇಜಿಗೆ ಹೊಸ ಕಟ್ಟಡಗಳು ಬಂದವು. ಅಲ್ಲಿಂದ ಪಕ್ಕದ ನಾಟಕ ಕಲಿಸುವ ಕಟ್ಟಡಕ್ಕೆ ಒಂದು ಕಾಲುಸೇತುವೆ ಇದೆ. ಅದಕ್ಕೆ ರ್ಯಾಂಡಿ ಪಾಷ್ ಹೆಸರು. ಕಂಪ್ಯೂಟರಿನವರನ್ನೂ ನಾಟಕದವರನ್ನೂ ಒಟ್ಟಿಗೆ ಕೂರಿಸಿ ಕಲಿಸಿದ ಅಧ್ಯಾಪಕರು. 2008ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ರಾತ್ರಿ ಹೊತ್ತು ಆ ಸೇತುವೆಯ ಮೇಲೆ ಬಣ್ಣದ ದೀಪಗಳು ಹರಿಯುತ್ತವೆ.

ನಮ್ಮ ಊರಿಗೂ ಅಲ್ಲಿಂದ ಒಂದು ಎಳೆ ಬಂದಿದೆ. 2000ದ ನಂತರದ ವರ್ಷಗಳಲ್ಲಿ ರಾಜ್ ರೆಡ್ಡಿಯವರ ಮುಂದಾಳತ್ವದಲ್ಲಿ ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ಕೊಡುವ ಯೋಜನೆ ನಡೆಯಿತು. ಭಾರತದಲ್ಲಿ ಅದಕ್ಕೆ ಬೆನ್ನೆಲುಬಾಗಿ ನಿಂತದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಟಾಟಾ ಇನ್‌ಸ್ಟಿಟ್ಯೂಟ್. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅಂತ ಕೇಳಿದ್ದೀರಲ್ಲ, ಅದೇ. ಅಂಗಡಿಯಲ್ಲಿ ಎಂದೋ ಮುಗಿದುಹೋದ ಹಳೆಯ ಕನ್ನಡ ಪುಸ್ತಕಗಳು ಎಷ್ಟೋ ಅದರಿಂದ ಉಳಿದಿವೆ. ನನ್ನ ಲ್ಯಾಪ್‌ಟಾಪಿನಲ್ಲೂ ಹಲವು ಇವೆ.

ಮತ್ತೆ ಅಕ್ಕನ ಮಗಳ ಪ್ರಶ್ನೆಗೆ ಬರೋಣ. ಎಐ ಶುರುವಾದ ಜಾಗಗಳಲ್ಲಿ ಒಂದಾದ ಆ ಕಾಲೇಜಿನ ಏಳು ವಿಭಾಗಗಳಲ್ಲಿ "ಎಐ ವಿಭಾಗ" ಅಂತ ಒಂದಿಲ್ಲ. ಎಐ ಹೆಸರಿನ ಬಿಎಸ್ ಪದವಿಯನ್ನು ಅವರು ಶುರು ಮಾಡಿದ್ದು 2018ರಲ್ಲಿ. ಲಾಜಿಕ್ ಥಿಯರಿಸ್ಟ್ ಓಡಿ 62 ವರ್ಷ ಆದ ಮೇಲೆ! ಆ ಪದವಿಗೂ ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಸೈನ್ಸ್‌ನ ಮೂಲ ಪಾಠಗಳೇ ಅಡಿಪಾಯ. ಇದನ್ನು ಅವಳಿಗೆ ಹೇಳಿದೆ. ನಾವಿಬ್ಬರೂ ಕೂತು ಅವಳ ಪಟ್ಟಿಯ ಮೇಲಿದ್ದ ಕಾಲೇಜುಗಳ ಸಿಎಸ್ ಮತ್ತು ಎಐ-ಎಂಎಲ್ ಸಿಲಬಸ್ ಅಕ್ಕಪಕ್ಕ ಇಟ್ಟು ನೋಡಿದೆವು. ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಡೇಟಾಬೇಸ್, ಆಲ್ಗಾರಿದಮ್ಸ್. ಮೊದಲ ಎರಡು ವರ್ಷ ಹೆಚ್ಚುಕಮ್ಮಿ ಎರಡರಲ್ಲೂ ಅದೇ. ಆಮೇಲೆ ಅವಳು ಬ್ರಾಂಚಿನ ಹೆಸರು ಬಿಟ್ಟು ಪ್ರತಿ ಕಾಲೇಜಿನಲ್ಲಿ ಈ ನಾಲ್ಕು ಪಾಠ ಯಾರು ಮಾಡುತ್ತಾರೆ ಅಂತ ಸೀನಿಯರ್‌ಗಳಿಗೆ ಫೋನ್ ಮಾಡಲು ಶುರು ಮಾಡಿದಳು.